ಡಿ ಡ್ರೈವ್‌ನ ಪಹಣಿ ತಿದ್ದುವ ಮುನ್ನ

"ಲಿನಕ್ಸ್ ಹಾಕಿದೆ, ಚೆನ್ನಾಗಿದೆ. ಆದ್ರೆ ಡಿ ಡ್ರೈವ್ ಇನ್ನೂ ಎನ್‌ಟಿಎಫ್‌ಎಸ್‌ನಲ್ಲೇ ಇದೆ. ಡೇಟಾ ಹೋಗದ ಹಾಗೆ ಇಎಕ್ಸ್‌ಟಿ4ಗೆ ಕನ್ವರ್ಟ್ ಮಾಡೋದು ಹೇಗೆ?"

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಈ ಪ್ರಶ್ನೆ ನನಗೆ ಪದೇಪದೇ ಬರುತ್ತಿದೆ. ಕೇಳುವವರು ಹೆಚ್ಚಾಗಿ ವಿದ್ಯಾರ್ಥಿಗಳು, ಸಂಘಟನೆಗಳಲ್ಲಿ ಕೆಲಸ ಮಾಡುವವರು. ಗಟ್ಟಿಮುಟ್ಟಾದ ಲ್ಯಾಪ್‌ಟಾಪನ್ನು 'ವಿಂಡೋಸ್ 11ಕ್ಕೆ ಅರ್ಹವಲ್ಲ' ಅಂತ ತಿಪ್ಪೆಗೆ ಎಸೆಯಲು ಒಪ್ಪದೆ ಲಿನಕ್ಸ್‌ಗೆ ಬಂದವರು. ಅವರ ಡಿ ಡ್ರೈವ್‌ನಲ್ಲಿ ಏನಿರುತ್ತೆ? ಮಾಹಿತಿ ಹಕ್ಕಿನಡಿ ಪಡೆದ ದಾಖಲೆಗಳ ಸ್ಕ್ಯಾನ್, ಪ್ರತಿಭಟನೆಗಳ ವಿಡಿಯೊ, ಐದಾರು ವರ್ಷದ ಓದಿನ ಪಿಡಿಎಫ್‌ಗಳು. ಕಳೆದುಹೋದರೆ ಮತ್ತೆ ಸಿಗದಂಥವು.

ಮೊದಲು 'ಕನ್ವರ್ಟ್' ಅನ್ನೋ ಪದವನ್ನು ಬಿಡಿಸಿ ನೋಡಬೇಕು.

ಡಿಸ್ಕ್ ಅಂದರೆ ನಂಬರ್ ಹಾಕಿದ ಚೌಕಗಳ ಉದ್ದ ಸಾಲು. ಫೈಲ್‌ಸಿಸ್ಟಂಗಳು ಸಾಮಾನ್ಯವಾಗಿ ಅದನ್ನು 4 ಕಿಲೋಬೈಟ್‌ಗಳ ತುಂಡುಗಳಾಗಿ ಲೆಕ್ಕ ಹಿಡಿಯುತ್ತವೆ. ನಿಮ್ಮ ವಿಡಿಯೊ ಯಾವ ಚೌಕಗಳಲ್ಲಿದೆ, ಅದರ ಹೆಸರೇನು, ಯಾರದ್ದು, ಯಾವ ಚೌಕ ಖಾಲಿ ಇದೆ ಅಂತ ಬರೆದಿಡುವ ವ್ಯವಸ್ಥೆಯೇ ಫೈಲ್‌ಸಿಸ್ಟಂ. ಹೊಲ ಬೇರೆ, ಪಹಣಿ ಬೇರೆ. ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಹೊಲವನ್ನೇನೂ ಉಳುವುದಿಲ್ಲ, ಹಳೆ ಪಹಣಿ ಹರಿದು ಹೊಸ ಖಾಲಿ ಪಹಣಿ ಬರೆಯುತ್ತಾರೆ, ಅಷ್ಟೇ. (ಎಸ್‌ಎಸ್‌ಡಿಯಾದರೆ ಬೆಳೆಯ ಆಸೆಯನ್ನೂ ಬಿಡಿ. ಲಿನಕ್ಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ 'ಈ ಚೌಕಗಳೆಲ್ಲ ಖಾಲಿ' ಅಂತ ಡಿಸ್ಕ್‌ಗೇ ಹೇಳಿಬಿಡುತ್ತದೆ.)

ಹಾಗಾಗಿ ಪರಿವರ್ತನೆ ಅಂದರೆ ಎರಡರಲ್ಲಿ ಒಂದು. ಬೆಳೆ ಇದ್ದಲ್ಲೇ ಇರಲಿ ಅಂತ ಪಹಣಿಯನ್ನಷ್ಟೇ ಹೊಸ ನಮೂನೆಯಲ್ಲಿ ಬರೆಯೋದು, ಇಲ್ಲವೇ ಎಲ್ಲವನ್ನೂ ಬೇರೆ ಕಡೆ ಸಾಗಿಸಿ, ಫಾರ್ಮ್ಯಾಟ್ ಮಾಡಿ, ವಾಪಸ್ ತರೋದು. ಎನ್‌ಟಿಎಫ್‌ಎಸ್‌ನಿಂದ ಇಎಕ್ಸ್‌ಟಿ4ಗೆ ಹೋಗಬೇಕಾದವರಿಗೆ ಎರಡನೆಯದೇ ದಾರಿ. ಇದ್ದಲ್ಲೇ ಬದಲಾಯಿಸುತ್ತೇವೆ ಎನ್ನುವ ಹವ್ಯಾಸಿ ಸಾಧನಗಳು ಇವೆ. ಒಂದೇ ಪ್ರತಿ ಇರುವ ದಾಖಲೆಗಳ ಮೇಲೆ ನಾನಂತೂ ಅವನ್ನು ಓಡಿಸಲ್ಲ.

ಎನ್‌ಟಿಎಫ್‌ಎಸ್‌ನಲ್ಲೇ ಇರಲಿ ಬಿಡಿ, ಲಿನಕ್ಸ್ ಅದನ್ನು ಓದುತ್ತಲ್ಲ ಅಂತ ಕೇಳಬಹುದು. ನಿಜ. 2021ರಲ್ಲಿ ಬಂದ 5.15ನೇ ಕರ್ನಲ್‌ನಿಂದ ಓದು-ಬರಹ ಎರಡೂ ಮಾಡುವ ಡ್ರೈವರ್ ಒಳಗೇ ಇದೆ. ತೊಂದರೆ ಇರುವುದು ಕೆಟ್ಟಾಗ. ಕರೆಂಟ್ ಹೋಗಿ ಎನ್‌ಟಿಎಫ್‌ಎಸ್ ಪಾರ್ಟಿಷನ್ ಹಾಳಾದರೆ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ರಿಪೇರಿ ಸಾಧನ ಮಾಡುವುದು ಮೇಲುಮೇಲಿನ ಕೆಲಸ. ಪೂರ್ತಿ ದುರಸ್ತಿಗೆ ವಿಂಡೋಸ್‌ನ ಚೆಕ್‌ಡಿಸ್ಕ್ ಬೇಕು. ಅಂದರೆ ವಿಂಡೋಸ್ ಬಿಟ್ಟು ಬಂದವರು ಆಪತ್ತಿನ ದಿನ ಮತ್ತೆ ವಿಂಡೋಸ್ ಇರುವ ಕಂಪ್ಯೂಟರ್ ಹುಡುಕಿಕೊಂಡು ಹೋಗಬೇಕು. ಪರಿವರ್ತನೆಗೆ ನಿಜವಾದ ಕಾರಣ ವೇಗ ಅಲ್ಲ, ಇದು.

ಸಾಗಿಸುವ ಕೆಲಸ ಹೀಗೆ. ಇನ್ನೂ ವಿಂಡೋಸ್ ಇದ್ದರೆ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ. ಅದು ಆನ್ ಇದ್ದರೆ ಪಾರ್ಟಿಷನ್ ಅರೆನಿದ್ರೆಯಲ್ಲಿರುತ್ತದೆ, ಲಿನಕ್ಸ್ ಮುಟ್ಟಲು ಹಿಂಜರಿಯುತ್ತದೆ. ಆಮೇಲೆ ಎಲ್ಲವನ್ನೂ ಎಕ್ಸ್‌ಟರ್ನಲ್ ಡ್ರೈವ್‌ಗೆ ನಕಲು ಮಾಡಿ. ಆ ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಹಿಡಿಸಲ್ಲ, ಮೊದಲೇ ನೋಡಿಕೊಳ್ಳಿ. ನಕಲಾದ ಮೇಲೆ ಆರ್‌ಸಿಂಕ್ ಸಾಧನವನ್ನು ಚೆಕ್‌ಸಮ್ ಆಯ್ಕೆಯ ಜೊತೆ ಇನ್ನೊಮ್ಮೆ ಓಡಿಸಿ. ಅದು ಹೆಸರು-ಗಾತ್ರ ನೋಡಿ ಸುಮ್ಮನಾಗುವುದಿಲ್ಲ, ಎರಡೂ ಕಡೆಯ ಫೈಲನ್ನು ಪೂರ್ತಿ ಓದಿ ಹೋಲಿಸುತ್ತದೆ. ರಾತ್ರಿಯಿಡೀ ಹಿಡಿದರೂ ಹಿಡಿಯಲಿ. ಅದು ಸರಿ ಎಂದಮೇಲಷ್ಟೇ ಫಾರ್ಮ್ಯಾಟ್. ಎಕ್ಸ್‌ಟರ್ನಲ್ ಡ್ರೈವ್ ಇಲ್ಲದವರು ಪಾರ್ಟಿಷನ್ ಕುಗ್ಗಿಸಿ, ಖಾಲಿಯಾದ ಜಾಗದಲ್ಲಿ ಹೊಸದು ಮಾಡಿ, ಸ್ವಲ್ಪಸ್ವಲ್ಪವೇ ಸರಿಸುವ ಸರ್ಕಸ್ ಮಾಡುತ್ತಾರೆ. ಆಗುತ್ತೆ. ಆದರೆ ಪ್ರತಿ ಸುತ್ತಿನಲ್ಲೂ ಪಾರ್ಟಿಷನ್‌ನ ಆರಂಭವನ್ನೇ ಹಿಂದಕ್ಕೆ ತಳ್ಳಬೇಕು, ನಡುವೆ ಕರೆಂಟ್ ಹೋದರೆ ಎರಡೂ ಇಲ್ಲ. ಸ್ನೇಹಿತರ ಡ್ರೈವ್ ಎರಡು ದಿನಕ್ಕೆ ಕೇಳಿ ತನ್ನಿ.

ಇಲ್ಲಿ ನಮ್ಮವರಿಗೇ ಎದುರಾಗುವ ಒಂದು ವಿಚಿತ್ರ ಇದೆ. ನಕಲು ಮಾಡುವಾಗ ಕೆಲವು ಫೈಲ್‌ಗಳು ಮಾತ್ರ 'ಫೈಲ್ ನೇಮ್ ಟೂ ಲಾಂಗ್' ಅಂತ ನಿಂತುಬಿಡುತ್ತವೆ. ನೋಡಿದರೆ ಎಲ್ಲವೂ ಕನ್ನಡ ಹೆಸರಿನವು. ಕಾರಣ ಇದು: ಎನ್‌ಟಿಎಫ್‌ಎಸ್ ಹೆಸರನ್ನು ಅಳೆಯುವುದು 16 ಬಿಟ್‌ನ ಘಟಕಗಳಲ್ಲಿ, ಮಿತಿ 255. ಕನ್ನಡದ ಪ್ರತಿ ಸಂಕೇತವೂ ಅಲ್ಲಿ ಒಂದು ಘಟಕ, ಇಂಗ್ಲಿಷಿನ ಅಕ್ಷರವೂ ಒಂದು ಘಟಕ. ಇಎಕ್ಸ್‌ಟಿ4ನಲ್ಲೂ ಮಿತಿ 255ೇ, ಆದರೆ ಅಳೆಯುವುದು ಬೈಟ್‌ಗಳಲ್ಲಿ. ಹೆಸರಿನ ಉದ್ದ ಬರೆದಿಡಲು ಅಲ್ಲಿ ಮೀಸಲಿರುವುದು ಒಂದೇ ಬೈಟ್, ಅದರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 255. ಲಿನಕ್ಸ್ ಬಳಸುವ ಯುಟಿಎಫ್-8ನಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೂ 3. ಲೆಕ್ಕ ಹಾಕಿ: ಅವರಿಗೆ 255, ನಮಗೆ 85. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆಬೇರೆ ಎಣಿಕೆ. ತೆರೆಯ ಮೇಲೆ ಒಂದೇ ಅಕ್ಷರವಾಗಿ ಕಾಣುವ 'ಸ್ತ್ರೀ' ಒಳಗೆ ಆರು ಸಂಕೇತ, 18 ಬೈಟ್. ಎಲ್ಲರಿಗೂ ಒಂದೇ ನಿಯಮ ಅಂದಾಗಲೂ ಯಾರ ಅಳತೆಗೋಲಿನಲ್ಲಿ ಅಂತ ಕೇಳಬೇಕಾಗುತ್ತೆ ನೋಡಿ. ಬಟರ್‌ಎಫ್‌ಎಸ್, ಎಕ್ಸ್‌ಎಫ್‌ಎಸ್‌ಗಳಲ್ಲೂ ಇದೇ ಮಿತಿ, ತಪ್ಪಿಸಿಕೊಳ್ಳಲಾಗದು. ಸುದ್ದಿಯ ಶೀರ್ಷಿಕೆಯನ್ನೇ ಪೂರ್ತಿ ಫೈಲ್ ಹೆಸರಾಗಿ ಉಳಿಸಿಕೊಂಡವರು ಫಾರ್ಮ್ಯಾಟ್‌ಗೆ ಮುಂಚೆ ಅವನ್ನು ಮೊಟಕುಗೊಳಿಸಿ, ಇಲ್ಲವೇ ಕಟ್ಟು ಕಟ್ಟಿ ಜಿಪ್ ಮಾಡಿಡಿ. ನಕಲಿನ ಎರರ್ ಪಟ್ಟಿಯನ್ನು ಓದದೆ ಮುಂದಕ್ಕೆ ಹೋದರೆ ಕಳೆದುಹೋಗುವುದು ಕನ್ನಡದ ಫೈಲ್‌ಗಳೇ.

ಇನ್ನು ಮೊದಲ ಬಗೆ, ಪಹಣಿ ಮಾತ್ರ ಬದಲಾಯಿಸೋದು. ಆಗಲೇ ಇಎಕ್ಸ್‌ಟಿ4ನಲ್ಲಿದ್ದು, ಸ್ನ್ಯಾಪ್‌ಶಾಟ್ ಸೌಲಭ್ಯಕ್ಕಾಗಿ ಬಟರ್‌ಎಫ್‌ಎಸ್‌ಗೆ ಹೋಗಬೇಕೆನ್ನುವವರಿಗೆ ಇದು ಸಾಧ್ಯ, ಮತ್ತು ಸಾಧ್ಯವಾಗುವ ರೀತಿ ನಿಜಕ್ಕೂ ಚೆಂದ. ಬಟರ್‌ಎಫ್‌ಎಸ್‌ಗೆ ಡಿಸ್ಕ್‌ನಲ್ಲಿ ಇಂಥದ್ದೇ ಜಾಗ ಬೇಕು ಎಂಬ ಹಟ ಇರುವುದು ತನ್ನ ಮುಖಪುಟಕ್ಕೆ ಮಾತ್ರ. ಉಳಿದ ದಾಖಲೆಯನ್ನು ಎಲ್ಲಿ ಬೇಕಾದರೂ ಬರೆದುಕೊಳ್ಳುತ್ತೆ. ಪರಿವರ್ತಕ ಸಾಧನ ಇಎಕ್ಸ್‌ಟಿ4ನ ಖಾಲಿ ಚೌಕಗಳಲ್ಲಿ ಹೊಸ ಪಹಣಿ ಬರೆಯುತ್ತದೆ, ಫೈಲ್‌ಗಳ ಚೌಕಗಳನ್ನು ಬಹುಮಟ್ಟಿಗೆ ಇದ್ದಲ್ಲೇ ಬಿಟ್ಟು ಅವುಗಳತ್ತ ಬೆರಳು ತೋರಿಸುತ್ತದೆ. ಹಳೆ ಪಹಣಿಯನ್ನೂ ಹರಿಯುವುದಿಲ್ಲ. ಇಡೀ ಇಎಕ್ಸ್‌ಟಿ4 ಪಾರ್ಟಿಷನ್‌ನ ಪ್ರತಿರೂಪವನ್ನು ಪ್ರತ್ಯೇಕ ಸಬ್‌ವಾಲ್ಯೂಮ್‌ನಲ್ಲಿ ಒಂದು ಫೈಲ್ ಆಗಿ ಇಟ್ಟಿರುತ್ತದೆ. ಬಟರ್‌ಎಫ್‌ಎಸ್ ಹೊಸದನ್ನು ಹಳೆಯದರ ಮೇಲೆ ಬರೆಯದೆ ಬೇರೆ ಕಡೆ ಬರೆಯುವುದರಿಂದ ಆ ಹಳೆಯ ಚೌಕಗಳು ಹಾಗೇ ಉಳಿಯುತ್ತವೆ. ಮನಸ್ಸು ಬದಲಾದರೆ ಒಂದು ಕಮಾಂಡ್‌ನಲ್ಲಿ ವಾಪಸ್ ಇಎಕ್ಸ್‌ಟಿ4. ನಡುವೆ ಮಾಡಿದ ಬದಲಾವಣೆಗಳು ಮಾತ್ರ ಹೋಗುತ್ತವೆ.

ಮಾಡುವ ಮುನ್ನ ಬ್ಯಾಕಪ್ ಬೇಕೇಬೇಕು. ಪಾರ್ಟಿಷನ್ ಅನ್‌ಮೌಂಟ್ ಆಗಿರಬೇಕು. ರೂಟ್ ಪಾರ್ಟಿಷನ್ ಆದರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ. ಎಫ್‌ಎಸ್‌ಸಿಕೆ ಓಡಿಸಿ ದೋಷ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಸಾಕಷ್ಟು ಖಾಲಿ ಜಾಗ ಇರಲಿ. ಆದ ಮೇಲೆ ಎಫ್‌ಸ್ಟ್ಯಾಬ್ ಫೈಲ್‌ನಲ್ಲಿ ಹೊಸ ಬಗೆ, ಹೊಸ ಯುಯುಐಡಿ ಬರೆಯಬೇಕು, ರೂಟ್ ಆದರೆ ಗ್ರಬ್ಬನ್ನೂ ನವೀಕರಿಸಬೇಕು. ಬಹುಪಾಲು ಜನ ಎಡವುವುದು ಇಲ್ಲೇ. ಡೇಟಾ ಎಲ್ಲಾ ಸರಿಯಿದ್ದರೂ ಮೆಷಿನ್ ಬೂಟ್ ಆಗದೆ ಗಾಬರಿಯಾಗುತ್ತಾರೆ.

ಈ 'ವಾಪಸ್ ಬರುವ ದಾರಿ' ಸಣ್ಣ ವಿಷಯ ಅಲ್ಲ. 2017ರ ಮಾರ್ಚ್‌ನಲ್ಲಿ ಐಒಎಸ್ 10.3 ಅಪ್‌ಡೇಟ್ ಬಂದಾಗ ಆಪಲ್ ಜಗತ್ತಿನಾದ್ಯಂತ ಐಫೋನ್‌ಗಳ ಫೈಲ್‌ಸಿಸ್ಟಮ್ಮನ್ನೇ ಇದ್ದಲ್ಲೇ ಬದಲಾಯಿಸಿತು. ತಾಂತ್ರಿಕವಾಗಿ ಅದ್ಭುತ. ಆದರೆ ಅಪ್‌ಡೇಟ್ ಬೇಕಾದರೆ ಹೊಸ ಪಹಣಿಯೂ ಬೇಕು, ಬೇರೆ ಆಯ್ಕೆ ಇರಲಿಲ್ಲ. ಲಿನಕ್ಸ್‌ನಲ್ಲೂ ನಿರ್ಧಾರಗಳು ಮೇಲಿನಿಂದ ಬರುತ್ತವೆ, ಸುಳ್ಳು ಹೇಳಬಾರದು. ರೈಸರ್‌ಎಫ್‌ಎಸ್ ಕೈಬಿಡುವುದಾಗಿ 2022ರಲ್ಲಿ ಹೇಳಿ, 2025ರ ಜನವರಿಯಲ್ಲಿ 6.13ನೇ ಕರ್ನಲ್‌ನಿಂದ ತೆಗೆದೇಬಿಟ್ಟರು. ವ್ಯತ್ಯಾಸ ಇಷ್ಟೇ: ಚರ್ಚೆ ಎಲ್ಲರಿಗೂ ಕಾಣುವಂತೆ ನಡೆಯಿತು, ಹೊರಡಲು ವರ್ಷಗಳು ಸಿಕ್ಕವು. ಬಿಕ್ಯಾಷ್‌ಎಫ್‌ಎಸ್ ಕಥೆ ಇನ್ನೂ ಚುರುಕು. 2024ರ ಜನವರಿಯಲ್ಲಿ 6.7ರೊಂದಿಗೆ ಒಳಗೆ ಬಂತು, ಅದರ ಮುಖ್ಯ ಡೆವಲಪರ್ ಮತ್ತು ಲಿನಸ್ ಟೋರ್ವಾಲ್ಡ್ಸ್ ನಡುವಿನ ಜಗಳದ ನಂತರ 6.18ರಲ್ಲಿ ಹೊರಗೆ. ಅದನ್ನು ನೆಚ್ಚಿ ಡೇಟಾ ಇಟ್ಟವರು ಈಗ ಕರ್ನಲ್‌ನ ಆಚೆಯಿಂದ ಮಾಡ್ಯೂಲ್ ತಂದು ಹಾಕಿಕೊಳ್ಳಬೇಕು.

ಹಾಗಾಗಿ ಯಾವುದು ಅಂತ ಕೇಳಿದರೆ: ದಾಖಲೆ ಇಡುವ ಡ್ರೈವ್‌ಗೆ ಇಎಕ್ಸ್‌ಟಿ4, ಕಣ್ಣುಮುಚ್ಚಿ. ಫೆಡೋರಾ ಡೆಸ್ಕ್‌ಟಾಪ್ 2020ರಿಂದ ಬಟರ್‌ಎಫ್‌ಎಸ್ಸನ್ನೇ ಡೀಫಾಲ್ಟ್ ಮಾಡಿದೆ, ಅದನ್ನು ಬಳಸುವವರು ಹಾಗೇ ಇರಿ. ಎಕ್ಸ್‌ಎಫ್‌ಎಸ್ ಸರ್ವರ್‌ಗಳಿಗೆ ಒಳ್ಳೆಯದು, ಆದರೆ ಮುಂದೆ ಪಾರ್ಟಿಷನ್ ಕುಗ್ಗಿಸಬೇಕಾದರೆ ಕೈಕಟ್ಟಿದಂತೆ. ಬಟರ್‌ಎಫ್‌ಎಸ್‌ಗೆ ಬದಲಾಯಿಸಿದವರು ಹಳೆ ಪ್ರತಿರೂಪದ ಸಬ್‌ವಾಲ್ಯೂಮ್ ಜಾಗ ತಿನ್ನುತ್ತಿದೆ ಅಂತ ಮಾರನೇ ದಿನವೇ ಅಳಿಸಬೇಡಿ; ಒಮ್ಮೆ ಅಳಿಸಿದರೆ ವಾಪಸ್ ದಾರಿ ಮುಚ್ಚಿತು. ಎರಡು ವಾರ ಬಳಸಿ ನೋಡಿ, ಆಮೇಲೆ ಅಳಿಸಿ, ಡಿಫ್ರಾಗ್ಮೆಂಟ್ ಮತ್ತು ಬ್ಯಾಲೆನ್ಸ್ ಓಡಿಸಿ. ಸ್ನೇಹಿತರ ಡ್ರೈವ್ ವಾಪಸ್ ಕೊಡುವ ಮುನ್ನ ಅದರಲ್ಲಿರುವ ನಿಮ್ಮ ಫೈಲ್‌ಗಳನ್ನು ಅಳಿಸುವುದೂ ನೆನಪಿರಲಿ, ಮಾಹಿತಿ ಹಕ್ಕಿನ ಕಾಗದಗಳಲ್ಲಿ ಬೇರೆಯವರ ಹೆಸರು-ವಿಳಾಸ ಇರುತ್ತವೆ.