ಸಂತೆ ಜಾಗದ ಮಾಲೀಕನೇ ಅಂಗಡಿ ಇಟ್ರೆ?

ಹೊಸ ಫೋನ್ ತಗೊಂಡ್ರಿ.
ಡಬ್ಬ ತೆಗೆಯೋ ಮೊದಲೇ ಅದರಲ್ಲಿ ಅಷ್ಟೊಂದು ಆ್ಯಪ್ ಯಾಕಿರುತ್ತೆ?

ಈ ಪ್ರಶ್ನೆ ಭಾರತೀಯ ಸ್ಪರ್ಧಾ ಆಯೋಗದ ಮುಂದೂ ಬಂತು.
2019ರಲ್ಲಿ ಗೂಗಲ್ ಮೇಲೆ ತನಿಖೆಗೆ ಆದೇಶ.
ದಂಡ ಬಿದ್ದಿದ್ದು?
2022ರ ಅಕ್ಟೋಬರ್‌ನಲ್ಲಿ.
1,337 ಕೋಟಿ ರೂಪಾಯಿ.
ಮೂರು ವರ್ಷ ದಾಟಿತ್ತು!
ಅಷ್ಟರಲ್ಲಿ ಪೈಪೋಟಿಗಿಳಿದ ಸಣ್ಣ ಕಂಪನಿ ಉಳಿದಿರುತ್ತಾ, ಹೇಳಿ?

ಹೀಗೆ ಯೋಚಿಸಿ.
ಊರ ಸಂತೆ. ಜಾಗ ಒಬ್ಬನದೇ.
ಎಲ್ಲರ ಹತ್ರ ಸುಂಕ ವಸೂಲಿ ಮಾಡೋನೂ ಅವನೇ.
ಈಗ ಬಾಗಿಲಲ್ಲೇ ತನ್ನ ತರಕಾರಿ ಅಂಗಡಿನೂ ಇಟ್ಟ.
ಯಾರ ಹತ್ರ ಏನು ಖರ್ಚಾಗುತ್ತೆ ಅನ್ನೋ ಲೆಕ್ಕವೂ ಅವನ ಕೈಲಿದೆ.
ಮೂಲೆಯಲ್ಲಿ ಕೂತ ರೈತನ ಗತಿ ಏನು?
ದೊಡ್ಡ ಡಿಜಿಟಲ್ ವೇದಿಕೆಗಳ ವಿಷಯದಲ್ಲೂ ಇದೇ ಪ್ರಶ್ನೆ.

2002ರ ಸ್ಪರ್ಧಾ ಕಾಯ್ದೆ ಪ್ರಕಾರ, ತಪ್ಪು ನಡೆದ ಮೇಲೆ ವಿಚಾರಣೆ.
2023ರ ತಿದ್ದುಪಡಿ ದಂಡವನ್ನ ಬಿಗಿ ಮಾಡಿತು.
ಕಂಪನಿಯ ಜಾಗತಿಕ ವಹಿವಾಟನ್ನೂ ಈಗ ಲೆಕ್ಕಕ್ಕೆ ಹಿಡಿಯಬಹುದು.

2024ರ ಮಾರ್ಚ್‌ನಲ್ಲಿ ಬಂದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಇನ್ನೂ ಮುಂದೆ ಹೋಗುತ್ತೆ.
ದೊಡ್ಡ ವೇದಿಕೆಗಳನ್ನ ಗುರುತಿಸಿ, ಮೊದಲೇ ಹೇಳಿಬಿಡೋದು:
ನಿಮ್ಮ ಸರಕನ್ನೇ ಮುಂದೆ ತಳ್ಳಬೇಡಿ.
ವ್ಯಾಪಾರಿಗಳ ಡೇಟಾ ಇಟ್ಕೊಂಡು ಅವರ ಮೇಲೇ ಪೈಪೋಟಿ ಮಾಡಬೇಡಿ.

ವಿರೋಧವೂ ಇದೆ.
ಬೆಳೀತಿರೋ ನಮ್ಮ ಕಂಪನಿಗಳಿಗೂ ಈ ಹೊರೆ ಬೀಳುತ್ತೆ ಅಂತ.
ತಳ್ಳಿಹಾಕೋ ಮಾತಲ್ಲ ಅದು.
ಬೆಂಗಳೂರಲ್ಲಿ ಅಂಥ ಕಂಪನಿಗಳು ಎಷ್ಟಿಲ್ಲ!
ಯಾವ ಕಂಪನಿ ‘ದೊಡ್ಡದು’ ಅನ್ನೋ ಮಿತಿಯನ್ನ ಎಷ್ಟಕ್ಕೆ ಇಡ್ತಾರೆ ಅನ್ನೋದೇ ಮುಖ್ಯ.

ಆದ್ರೆ ನನಗೆ ಹೆಚ್ಚು ಚಿಂತೆ ಆಯೋಗದ್ದು.
ಅಲ್ಗಾರಿದಮ್ ಬಿಡಿಸಿ ನೋಡಬಲ್ಲ ಜನ ಅಲ್ಲಿ ಸಾಕಷ್ಟು ಬೇಕು.
ಕರಡು ಬರೆದ ಸಮಿತಿಯೇ ಆಯೋಗದ ತಾಂತ್ರಿಕ ಬಲ ಹೆಚ್ಚಿಸಿ ಅಂದಿದೆ.
ಮಸೂದೆಗೆ ಕಾಯೋದು ಬೇಡ.
ಆ ನೇಮಕ ಈಗಲೇ ಶುರುವಾಗಲಿ.