ತಿರುಗುವ ಪ್ಲಾಸ್ಮಾ ಹೊರಕ್ಕೆ ಚಿಮ್ಮುತ್ತದೆಯೆ?

ಕೋಟ್ಯಂತರ ಡಿಗ್ರಿ ಕಾಯಿಸಿದ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಕೂಡಿಹಾಕುವುದೇ ಕಷ್ಟ. ಇನ್ನು ಅದನ್ನು ಶಬ್ದಾತೀತ ವೇಗದಲ್ಲಿ ಗಿರ್ರನೆ ತಿರುಗಿಸಿದರೆ, ತಿರುಗುವ ಕೊಡೆಯಿಂದ ಮಳೆಹನಿ ಸಿಡಿಯುವ ಹಾಗೆ ಎಲ್ಲವೂ ಚಿಮ್ಮಿಹೋಗುತ್ತದೆ ಎಂದು ವಿಜ್ಞಾನ ಓದಿದವರೂ ಭಾವಿಸುವುದುಂಟು. ಇದು ತಪ್ಪು. ಕಾಂತಕ್ಷೇತ್ರದ ಆಕಾರ ಸರಿಯಾಗಿದ್ದರೆ, ಹೊರಕ್ಕೆ ತಳ್ಳುವ ಆ ಕೇಂದ್ರಾಪಗಾಮಿ ಬಲವೇ ಪ್ಲಾಸ್ಮಾ ಸೋರದಂತೆ ತಡೆಯುತ್ತದೆ.

ಸೋರಿಕೆ ನಿಜವಾಗಿ ಎಲ್ಲಿ ಆಗುತ್ತದೆ ಎಂಬುದನ್ನು ಮೊದಲು ನೋಡಬೇಕು. ‘ಕಾಂತೀಯ ಕನ್ನಡಿ’ ಎಂಬ ಸಾಧನ ಒಂದು ಉದ್ದನೆಯ ಕೊಳವೆ. ಅದರ ಎರಡೂ ತುದಿಗಳಲ್ಲಿ ಕಾಂತಕ್ಷೇತ್ರ ಪ್ರಬಲ, ನಡುವೆ ದುರ್ಬಲ. ಹಾಗಾಗಿ ಬಲರೇಖೆಗಳು ನಡುವೆ ಉಬ್ಬಿ, ತುದಿಗಳಲ್ಲಿ ಅಕ್ಷದತ್ತ ಒತ್ತಿಕೊಂಡಿರುತ್ತವೆ. ವಿದ್ಯುದಾವೇಶವುಳ್ಳ ಕಣಕ್ಕೆ ರೇಖೆಯನ್ನು ಅಡ್ಡ ದಾಟುವುದು ಬಲು ಕಷ್ಟ, ರೇಖೆಯುದ್ದಕ್ಕೂ ಓಡುವುದು ಸಲೀಸು. ಆದ್ದರಿಂದ ಈ ಸಾಧನಗಳ ಹಳೆಯ ಕಾಯಿಲೆ ತುದಿಗಳ ಸೋರಿಕೆ. ಈಗ ಅಕ್ಷದಲ್ಲಿ ಒಂದು ಲೋಹದ ಸರಳನ್ನಿಟ್ಟು, ಅದಕ್ಕೂ 20 ಸೆಂ.ಮೀ. ದೂರದ ಹೊರಗೋಡೆಗೂ ನಡುವೆ 10,000 ವೋಲ್ಟ್ ಕೊಟ್ಟೆವೆನ್ನಿ. ಕಾಂತಕ್ಷೇತ್ರ 0.5 ಟೆಸ್ಲಾ ಇದ್ದರೆ ಅಯಾನುಗಳೂ ಎಲೆಕ್ಟ್ರಾನುಗಳೂ ಒಂದೇ ದಿಕ್ಕಿಗೆ, ಸೆಕೆಂಡಿಗೆ ಸುಮಾರು 100 ಕಿ.ಮೀ. ವೇಗದಲ್ಲಿ ಅಕ್ಷವನ್ನು ಸುತ್ತತೊಡಗುತ್ತವೆ. ತುದಿಯಿಂದ ಪಾರಾಗಬೇಕಾದ ಅಯಾನು ಈಗ ರೇಖೆಯನ್ನು ಹಿಡಿದು ಅಕ್ಷದ ಹತ್ತಿರಕ್ಕೆ, ಅಂದರೆ ಕೇಂದ್ರಾಪಗಾಮಿ ಬಲಕ್ಕೆ ಎದುರಾಗಿ ಸಾಗಬೇಕು. ಈ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಎತ್ತರವಾಗುತ್ತದೆ. ಎಲೆಕ್ಟ್ರಾನು ತೀರಾ ಹಗುರ, ಅದರ ಮೇಲೆ ಈ ಬಲದ ಪರಿಣಾಮ ನಗಣ್ಯ. ಆದರೂ ಅದು ತಪ್ಪಿಸಿಕೊಳ್ಳಲಾರದು, ನಡುವೆ ಉಳಿದ ಅಯಾನುಗಳ ಧನಾವೇಶ ಅದನ್ನು ಹಿಂದಕ್ಕೆಳೆಯುತ್ತದೆ.

ಇದಕ್ಕೆ ತೂಕದ ಆಕ್ಷೇಪವೊಂದಿದೆ. ಕಾಂತೀಯ ಕನ್ನಡಿಯಲ್ಲಿ ಪ್ಲಾಸ್ಮಾ ನಾಲಗೆಗಳಂತೆ ಹೊರಚಾಚಿ ಗೋಡೆ ಮುಟ್ಟುವ ಅಸ್ಥಿರತೆ ಮೊದಲೇ ಇದೆ, ತಿರುಗುವಿಕೆ ಅದನ್ನು ಇನ್ನಷ್ಟು ಕೆರಳಿಸುವುದಿಲ್ಲವೆ? ಇಡೀ ಪ್ಲಾಸ್ಮಾ ಗಟ್ಟಿ ವಸ್ತುವಿನಂತೆ ಒಂದೇ ಸಮನೆ ತಿರುಗಿದರೆ ಖಂಡಿತ ಕೆರಳಿಸುತ್ತದೆ. ಆದರೆ ಇಲ್ಲಿ ಒಳಹೊರಗಿನ ಅಂಚುಗಳಲ್ಲಿ ವೇಗ ಕಡಿಮೆ, ನಡುಪದರಗಳಲ್ಲಿ ಹೆಚ್ಚು. ಅಕ್ಕಪಕ್ಕದ ಪದರಗಳ ಈ ವೇಗವ್ಯತ್ಯಾಸ, ಚಾಚಿಕೊಳ್ಳುವ ನಾಲಗೆಯನ್ನು ಬೆಳೆಯುವ ಮೊದಲೇ ಎಳೆದು ಹರಿದುಹಾಕುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ‘ಎಂಸಿಎಕ್ಸ್’ ಪ್ರಯೋಗದಲ್ಲಿ ಶಬ್ದಾತೀತವಾಗಿ ತಿರುಗುವ ಪ್ಲಾಸ್ಮಾ ಹಲವು ಮಿಲಿಸೆಕೆಂಡು ಉಳಿಯಿತು. ಕೇಳುವುದಕ್ಕೆ ಅಲ್ಪವೆನಿಸಬಹುದು. ಆದರೆ ಅಸ್ಥಿರತೆ ತಲೆಯೆತ್ತಲು ಕೆಲವೇ ಮೈಕ್ರೋಸೆಕೆಂಡು ಸಾಕು ಎಂಬುದನ್ನು ನೆನೆದರೆ ಅದು ದೀರ್ಘಾಯುಷ್ಯವೇ ಸರಿ, ನನ್ನ ಮಟ್ಟಿಗೆ ಇಡೀ ವಾದದ ಅತ್ಯಂತ ಬಲವಾದ ಸಾಕ್ಷ್ಯ.

ಹಾಗೆಂದು ವೋಲ್ಟೇಜು ಏರಿಸುತ್ತಾ ಹೋದರೆ ವೇಗ ಏರುತ್ತಲೇ ಹೋಗುತ್ತದೆ ಎಂದುಕೊಳ್ಳುವುದೂ ತಪ್ಪೇ. ತುದಿಗಳಲ್ಲಿ ಬಲರೇಖೆಗಳು ಅವಾಹಕಗಳಿಗೆ ತಾಗುತ್ತವೆ. ಅಲ್ಲಿಂದ ತಟಸ್ಥ ಅನಿಲ ಹೊರಬರುತ್ತದೆ. ಹರಿವಿನ ವೇಗ ಒಂದು ಮಿತಿ ದಾಟಿದೊಡನೆ, ಕೊಟ್ಟ ಶಕ್ತಿಯೆಲ್ಲ ಆ ಅನಿಲವನ್ನು ಅಯಾನೀಕರಿಸುವುದಕ್ಕೇ ಖರ್ಚಾಗುತ್ತದೆ. ಈ ಮಿತಿಯನ್ನು ಊಹಿಸಿದವರು ಸ್ವೀಡನ್ನಿನ ಹಾನ್ನೆಸ್ ಆಲ್ಫ್‌ವೆನ್. ಹೈಡ್ರೋಜನ್ನಿಗೆ ಅದು ಸೆಕೆಂಡಿಗೆ ಸುಮಾರು 50 ಕಿ.ಮೀ. ಅವಾಹಕದ ಬಳಿ ವೇಗ ಅಲ್ಲಿಗೇ ನಿಂತರೂ, ಕೋನವೇಗ ಒಂದೇ ಆಗಿರುವುದರಿಂದ ಬಲರೇಖೆ ಅಕ್ಷದಿಂದ ಹೆಚ್ಚು ದೂರವಿರುವ ನಡುಭಾಗದಲ್ಲಿ ಪ್ಲಾಸ್ಮಾ ಅದಕ್ಕಿಂತ ವೇಗವಾಗಿ ಸುತ್ತಬಲ್ಲದು. ಆದ್ದರಿಂದ ಪರಮಾಣು ಬೀಜಗಳ ಸಮ್ಮಿಲನಕ್ಕೆ ಬೇಕಾದ ತಾಪ ಮುಟ್ಟುವ ದಾರಿಯಲ್ಲಿ ಈ ವಿಧಾನಕ್ಕೆ ಎದುರಾಗಿರುವ ದೊಡ್ಡ ತೊಡಕು ತುದಿಯ ಆ ಅವಾಹಕಗಳದು, ತಿರುಗುವಿಕೆಯದಲ್ಲ.