ಯಂತ್ರಕ್ಕೆ ಸೈನ್ ತಿಳಿಯುವ ಬಗೆ

ಕಳೆದ ಮಳೆಗಾಲಕ್ಕೆ ಮುಂಚೆ ಬಮ್ಮಿಗಟ್ಟಿಯ ನಮ್ಮ ಮನೆಯ ಹಂಚು ತಿರುವಿ ಹಾಕಲು ಹನ್ನೆರಡು ಅಡಿಯ ಏಣಿಯನ್ನು ಗೋಡೆಗೆ ಹಚ್ಚಿದ್ದೆವು. ನೆಲದೊಡನೆ ಅದರ ಕೋನ ಸುಮಾರು 50 ಡಿಗ್ರಿ. ನಾನು ಮೊಬೈಲಿನಲ್ಲಿ 50ರ ಸೈನ್ ತೆಗೆದು, ಹನ್ನೆರಡರಿಂದ ಗುಣಿಸಿ, ಏಣಿಯ ತುದಿ ಒಂಬತ್ತು ಅಡಿ ಎರಡು ಅಂಗುಲ ಎತ್ತರದಲ್ಲಿದೆಯೆಂದೆ. “ಅದಕ್ಕ ಹೆಂಗ ಗೊತ್ತಾತು?” ಎಂದು ತಂದೆಯವರು ಕೇಳಿದರು. ಬಿ.ಎ. ಕೊನೆಯ ವರ್ಷದ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ತಿಳಿದುಕೊಂಡಷ್ಟನ್ನು ವಾಚಕರ ಮುಂದಿಡುತ್ತೇನೆ.

ಸೈನ್ ಎಂದರೆ ನಮ್ಮ ಪ್ರಾಚೀನರ ಜ್ಯಾ. ಏಳನೆಯ ಶತಮಾನದ ಒಂದನೆಯ ಭಾಸ್ಕರರು ಕೋಷ್ಟಕವಿಲ್ಲದೆ ಅದನ್ನು ಪಡೆಯುವ ಸೂತ್ರವನ್ನು ಕೊಟ್ಟರು. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರೂ ಅದನ್ನೇ ಬೇರೆ ರೂಪದಲ್ಲಿ ಹೇಳಿದ್ದಾರೆ. ಕೋನವನ್ನು 180ರಲ್ಲಿ ಕಳೆದು, ಉಳಿದುದನ್ನು ಕೋನದಿಂದಲೇ ಗುಣಿಸಬೇಕು. ಆ ಗುಣಲಬ್ಧದ ನಾಲ್ಕು ಪಟ್ಟನ್ನು, 40500ರಲ್ಲಿ ಅದೇ ಗುಣಲಬ್ಧವನ್ನು ಕಳೆದು ಬಂದುದರಿಂದ ಭಾಗಿಸಬೇಕು. 50ಕ್ಕೆ ಗುಣಲಬ್ಧ 6500. 26000ವನ್ನು 34000ರಿಂದ ಭಾಗಿಸಿದರೆ 0.7647. ನಿಜವಾದ ಬೆಲೆ 0.7660. ನಮ್ಮ ಏಣಿಗೆ ವ್ಯತ್ಯಾಸ ಅಂಗುಲದ ಐದನೆಯ ಒಂದು ಪಾಲು ಮಾತ್ರ. ಹಂಚು ತಿರುವಲು ಇಷ್ಟು ಸಾಕು. ಉಪಗ್ರಹದ ದಾರಿಯನ್ನು ಎಣಿಸಲು ಸಾಲದು.

ಹೆಚ್ಚಿನ ನಿಖರತೆಗೆ ಕೇರಳದ ಮಾಧವರ ಶ್ರೇಣಿಯಿದೆ. ಅದರಲ್ಲಿ ಕೋನದ ಘಾತಗಳನ್ನು ಕ್ರಮವಾಗಿ ಕೂಡಿ ಕಳೆಯುತ್ತ ಹೋಗಬೇಕು. ಆದರೆ 3650 ಡಿಗ್ರಿಯ ಕೋನವನ್ನು ಹಾಗೆಯೇ ಅದರಲ್ಲಿ ಹಾಕಿದರೆ ನಡುವಿನ ಪದಗಳು ಇಪ್ಪತ್ತಾರು ಅಂಕಿಗಳನ್ನೂ ಮೀರುತ್ತವೆ. ಸುಮಾರು ಹದಿನಾರು ಅಂಕಿಗಳನ್ನಷ್ಟೇ ಹಿಡಿಯಬಲ್ಲ ಯಂತ್ರದಲ್ಲಿ, ಒಂದನ್ನೂ ಮೀರದ ಉತ್ತರ ಮುಳುಗಿಯೇ ಹೋಗುತ್ತದೆ.

ಆದುದರಿಂದ ಮೊದಲು ಕೋನವನ್ನು ಮಡಚಬೇಕು. ಹತ್ತು ಪೂರ್ಣ ಸುತ್ತುಗಳನ್ನು ಕಳೆದರೆ 3650ರಲ್ಲಿ ಉಳಿಯುವುದು 50. ಐವತ್ತರ ಸೈನ್ ಎಂದರೆ ನಾಲ್ವತ್ತರ ಕೊಸೈನ್. ಹೀಗೆ ಯಾವ ಕೋನವನ್ನಾದರೂ 45 ಡಿಗ್ರಿಯೊಳಗೆ ತರಬಹುದು. ಆಗ ಕೊಸೈನಿನ ಶ್ರೇಣಿಯ ನಾಲ್ಕೇ ಪದಗಳಿಂದ 0.766043 ಬರುತ್ತದೆ, ತಪ್ಪು ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ಕಡಿಮೆ. ಸನ್ ಮೈಕ್ರೊಸಿಸ್ಟಮ್ಸ್ ಸಂಸ್ಥೆಯ 1993ರ ಎಫ್‌ಡಿಲಿಬ್‌ಎಂ ಎಂಬ, ಸಿ ಭಾಷೆಯ ಗಣಿತ ಲೈಬ್ರರಿ ಇದನ್ನೇ ಮಾಡುತ್ತದೆ: ಕೋನವನ್ನು ಮಡಚಿ, ಸೈನಿಗೆ ಹದಿಮೂರನೆಯ ಘಾತದವರೆಗೆ ಮಾತ್ರ ಎಣಿಸುತ್ತದೆ. ಗುಣಕಗಳನ್ನು ಮಾತ್ರ ತಪ್ಪು ಎಲ್ಲೆಡೆ ಅತ್ಯಲ್ಪವಾಗುವಂತೆ ತುಸು ತಿದ್ದಿರುತ್ತಾರೆ.

ಕಷ್ಟವಿರುವುದು ಮಡಚುವುದರಲ್ಲಿಯೇ. ಯಂತ್ರವು ಕೋನವನ್ನು ರೇಡಿಯನ್ನಿನಲ್ಲಿ ಅಳೆಯುತ್ತದೆ. ಅಲ್ಲಿ ಒಂದು ಸುತ್ತೆಂದರೆ ಪೈಯ ಎರಡು ಪಟ್ಟು, ಪೈಗೋ ಕೊನೆಯ ಅಂಕಿಯೆಂಬುದಿಲ್ಲ. ಲಕ್ಷ ಸುತ್ತುಗಳನ್ನು ಕಳೆಯುವಾಗ ಪೈಯಲ್ಲಿ ಬಿಟ್ಟ ತುಣುಕೂ ಎರಡು ಲಕ್ಷ ಪಟ್ಟಾಗುತ್ತದೆ. ಅದಕ್ಕಾಗಿಯೇ ದೊಡ್ಡ ಕೋನಗಳಿಗೆಂದು ಲೈಬ್ರರಿಯು ಪೈಗೆ ಸಂಬಂಧಿಸಿದ ನೂರಾರು ಅಂಕಿಗಳನ್ನು ಕಾಯ್ದಿಟ್ಟಿರುತ್ತದೆ.

ದೀಪಾವಳಿಗೆ ಊರಿಗೆ ಹೋದಾಗ ತಂದೆಯವರಿಗೆ ಉತ್ತರ ಕೊಟ್ಟೆ: “ಅದಕ್ಕ ಏನೂ ಗೊತ್ತಿಲ್ಲಪ್ಪಾ. ಮಡಚಿ, ಗುಣಿಸಿ, ಕೂಡಿಸಿ ಹೇಳತೈತಿ.” ಯಂತ್ರ ಕೊಟ್ಟ ಅಂಕಿಯನ್ನು ಒಪ್ಪುವ ಮುಂಚೆ ಅದು ಬಂದ ದಾರಿಯನ್ನು ಕೇಳಬೇಕೆಂಬುದನ್ನು ನಾನು ಕಲಿತದ್ದು ಅವರ ಆ ಪ್ರಶ್ನೆಯಿಂದ.